ಪ್ರೌಢಶಾಲೆಗಳಲ್ಲಿ ಕ್ರಮವಿಧಿಯ ಬೋಧನೆ: ಒಂದು ಚಾರಿತ್ರಿಕ ವಿವೇಚನೆ

ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಆಯೋಗಗಳ ವರದಿಗಳನ್ನೂ ಸರ್ಕಾರದ ಆಜ್ಞೆಗಳನ್ನೂ ಶಾಲೆಗಳ ಸಂಖ್ಯೆಯನ್ನೂ ಆಧಾರವಾಗಿಟ್ಟುಕೊಳ್ಳುವುದು ವಾಡಿಕೆ. ತರಗತಿಯ ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆದುದೇನೆಂಬುದು ಅಂತಹ ಗ್ರಂಥಗಳಲ್ಲಿ ಅಪೂರ್ವವಾಗಿಯೇ ಕಾಣಿಸಿಕೊಳ್ಳುತ್ತದೆ. ಗಣಕಯಂತ್ರದ ವಿಷಯದಲ್ಲಿ ಈ ಕೊರತೆ ಇನ್ನೂ ಹೆಚ್ಚು. ಯಾವ ವರ್ಷ ಯಾವ ಯಂತ್ರ ಬಂದಿತು, ಅದರ ವೇಗವೆಷ್ಟು, ಎಷ್ಟು ಶಾಲೆಗಳಿಗೆ ಹಂಚಲಾಯಿತು ಎಂಬಿಷ್ಟನ್ನು ಹೇಳಿದರೆ ಬೋಧನೆಯ ಚರಿತ್ರೆಯನ್ನೇ ಹೇಳಿದಂತಾಯಿತೆಂದು ಭಾವಿಸುವವರು ಬಹುಮಂದಿ. ಪ್ರಕೃತ ನಾವು ಕೇಳಹೊರಟಿರುವ ಪ್ರಶ್ನೆ ಬೇರೆ. ಹದಿಮೂರು ಹದಿನಾಲ್ಕು ವರ್ಷದ ವಿದ್ಯಾರ್ಥಿ ತಾನೇ ಬರೆದ ಕ್ರಮವಿಧಿಯಲ್ಲಿ ತಪ್ಪು ಮಾಡಿದಾಗ, ಅದು ತಪ್ಪೆಂದು ಅವನಿಗೆ ತಿಳಿಸಿದವರು ಯಾರು? ಎಷ್ಟು ಹೊತ್ತಿನ ಮೇಲೆ ತಿಳಿಸಿದರು? ಯಾವ ಭಾಷೆಯಲ್ಲಿ ತಿಳಿಸಿದರು?

ಈ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಪ್ರೋಗ್ರಾಂ ಅಥವಾ ಕ್ರಮವಿಧಿ ಎಂದು ನಾವು ಕರೆಯುವ ಬರವಣಿಗೆಯ ಸ್ವಭಾವವನ್ನು ಬಲ್ಲವರಿಗೆ ಹಾಗೆ ತೋರಲಾರದು. ಪ್ರಬಂಧದಲ್ಲಿ ಒಂದು ಅಕ್ಷರ ತಪ್ಪಿದರೆ ಓದುಗನು ಸರಿಮಾಡಿಕೊಂಡು ಮುಂದೆ ಹೋಗುತ್ತಾನೆ. ಕ್ರಮವಿಧಿಯಲ್ಲಿ ಒಂದು ಚಿಹ್ನೆ ತಪ್ಪಿದರೆ ಕೆಲಸವೇ ನಿಂತುಹೋಗುತ್ತದೆ. ಮೊದಲ ಬರವಣಿಗೆಯಲ್ಲಿಯೇ ಸರಿಯಾದ ಕ್ರಮವಿಧಿಯನ್ನು ಬರೆದವರು ಪಂಡಿತರಲ್ಲಿಯೂ ವಿರಳ. ಆದುದರಿಂದ ಈ ವಿದ್ಯೆಯನ್ನು ಕಲಿಯುವುದೆಂದರೆ ಬಹುಮಟ್ಟಿಗೆ ತಿದ್ದುವುದನ್ನು ಕಲಿಯುವುದೇ ಸರಿ. ಕನ್ನಡದಲ್ಲಿ ‘ತಿದ್ದು’ ಎಂಬ ಕ್ರಿಯಾಪದಕ್ಕೆ ಎರಡರ್ಥಗಳಿರುವುದು ಇಲ್ಲಿ ನೆನಪಿಗೆ ಬರುತ್ತದೆ. ನಮ್ಮ ಹಿಂದಿನ ಕೂಲಿಮಠಗಳಲ್ಲಿ ಐಗಳು ಮರಳ ಮೇಲೆ ಅಕ್ಷರ ಬರೆದುಕೊಟ್ಟು ಹುಡುಗರಿಂದ ‘ತಿದ್ದಿಸುತ್ತಿದ್ದರು’. ಬೆರಳು ದಾರಿ ತಪ್ಪಿದರೆ ಆ ಕ್ಷಣವೇ ಕೈ ಹಿಡಿದು ‘ತಿದ್ದುತ್ತಿದ್ದರು’. ಬರೆಯುವುದಕ್ಕೂ ಸರಿಪಡಿಸುವುದಕ್ಕೂ ನಡುವೆ ಕಾಲದ ಅಂತರವೇ ಇರಲಿಲ್ಲ. ಗಣಕಯಂತ್ರದ ಮೊದಲ ದಶಕಗಳಲ್ಲಿ ಈ ಅಂತರ ಎಷ್ಟಿತ್ತೆಂಬುದನ್ನು ನೋಡಿದರೆ, ಆಗ ಮಕ್ಕಳಿಗೆ ಇದನ್ನು ಕಲಿಸಬೇಕೆಂಬ ಯೋಚನೆಯೇ ಏಕೆ ಹುಟ್ಟಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ ಹ್ಯಾನೋವರ್ ಎಂಬ ಸಣ್ಣ ಊರಿದೆ. ಅಲ್ಲಿಯ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಥಾಮಸ್ ಕರ್ಟ್ಜ್ ಅವರು ೧೯೫೦ರ ದಶಕದ ಉತ್ತರಾರ್ಧದಲ್ಲಿ ತೂತು ಕೊರೆದ ಕಾರ್ಡುಗಳನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಎರಡು ವಾರಗಳಿಗೊಮ್ಮೆ ರೈಲಿನಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯಕ್ಕೆ ಹೋಗುತ್ತಿದ್ದರು. ಹ್ಯಾನೋವರಿನಲ್ಲಿ ಆಗ ಅಂತಹ ಯಂತ್ರವಿರಲಿಲ್ಲ. ಒಂದು ಅಲ್ಪವಿರಾಮ ತಪ್ಪಿದ್ದರೆ ಮರಳಿ ಬಂದು, ತಿದ್ದಿ, ಮತ್ತೆ ಎರಡು ವಾರ ಕಾಯಬೇಕು. ಸಂಶೋಧಕರು ಇಷ್ಟು ತಾಳ್ಮೆಯನ್ನು ತಾಳಬಹುದು, ಬಾಲಕರು ತಾಳಲಾರರು. ಕರ್ಟ್ಜ್ ಮತ್ತು ಅವರ ಸಹೋದ್ಯೋಗಿ ಜಾನ್ ಕೆಮೆನಿ ಇಬ್ಬರೂ ಕೂಡಿ ೧೯೬೪ರಲ್ಲಿ ಮಾಡಿದ ಕಾರ್ಯದ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಕೆಮೆನಿ ಅವರು ಬುಡಾಪೆಸ್ಟಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದವರು. ಲಾಸ್ ಅಲಮಾಸಿನಲ್ಲಿ ದುಡಿದವರು. ಕೆಲಕಾಲ ಐನ್‌ಸ್ಟೈನರ ಗಣಿತ ಸಹಾಯಕರಾಗಿದ್ದವರು. ಆ ವರ್ಷದ ಮೇ ೧ರ ಬೆಳಗಿನ ಜಾವ ನಾಲ್ಕು ಗಂಟೆಗೆ ಬೇಸಿಕ್ ಎಂಬ ಹೊಸ ಭಾಷೆಯ ಕ್ರಮವಿಧಿ ಅವರ ಕಾಲೇಜಿನ ಯಂತ್ರದಲ್ಲಿ ಮೊದಲ ಬಾರಿಗೆ ನಡೆಯಿತು.

ಬೇಸಿಕ್ ಭಾಷೆಯ ಸರಳತೆಯನ್ನೇ ಎಲ್ಲರೂ ಕೊಂಡಾಡುತ್ತಾರೆ. ಅದರಲ್ಲಿದ್ದ ವಾಕ್ಯರೂಪಗಳು ಹದಿನೈದರ ಆಸುಪಾಸು. ಒಂದೆರಡು ಗಂಟೆಗಳಲ್ಲಿ ಪರಿಚಯ ಮಾಡಿಕೊಳ್ಳಬಹುದಾಗಿತ್ತು. ನಮ್ಮ ಅಭಿಪ್ರಾಯದಲ್ಲಿ ಭಾಷೆಯ ಸರಳತೆಗಿಂತ ಮಿಗಿಲಾದುದು ಅದರ ಜೊತೆಗೇ ಬಂದ ಕಾಲಹಂಚಿಕೆಯ ವ್ಯವಸ್ಥೆ. ಒಂದೇ ಯಂತ್ರ ತನ್ನ ಕಾಲವನ್ನು ಅನೇಕ ಟೆಲಿಪ್ರಿಂಟರುಗಳಿಗೆ ಹಂಚಿಕೊಡುತ್ತಿದ್ದುದರಿಂದ, ವಿದ್ಯಾರ್ಥಿ ಸಾಲನ್ನು ಬೆರಳಚ್ಚು ಮಾಡಿ ಕೆಲವು ಸೆಕೆಂಡು ಕಾದರೆ ಉತ್ತರ ಬರುತ್ತಿತ್ತು. ಉತ್ತರ ಬರದಿದ್ದರೆ ‘ಇಲ್ಲೀಗಲ್ ಫಾರ್ಮುಲಾ’ ಎಂಬಂತಹ ಚಿಕ್ಕ ಮಾತು ಕಾಗದದ ಮೇಲೆ ಮೂಡುತ್ತಿತ್ತು. ಎರಡು ವಾರ ಎರಡು ನಿಮಿಷಕ್ಕಿಂತ ಕಡಿಮೆಯಾಯಿತು. ಮೇಲಾಗಿ, ಗ್ರಂಥಾಲಯದ ಕಪಾಟುಗಳು ಹೇಗೆ ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿರುತ್ತವೆಯೋ ಹಾಗೆ ಗಣಕಯಂತ್ರವೂ ತೆರೆದಿರಬೇಕೆಂಬುದು ಕೆಮೆನಿ ಅವರ ನಿಲುವಾಗಿತ್ತು. ವಿಜ್ಞಾನವನ್ನು ಓದದ ವಿದ್ಯಾರ್ಥಿಗಳೇ ಅವರ ಮುಖ್ಯ ಲಕ್ಷ್ಯ.

ಕೆಲವೇ ವರ್ಷಗಳಲ್ಲಿ ಹ್ಯಾನೋವರಿನ ಪ್ರೌಢಶಾಲೆಯೂ ನ್ಯೂ ಇಂಗ್ಲೆಂಡಿನ ಇತರ ಹಲವು ಶಾಲೆಗಳೂ ದೂರವಾಣಿಯ ತಂತಿಯ ಮೂಲಕ ಈ ಯಂತ್ರದೊಡನೆ ಸೇರಿಕೊಂಡವು. ಪ್ರೌಢಶಾಲೆಯ ಮಕ್ಕಳು ಕ್ರಮವಿಧಿ ಬರೆಯುವ ಪರಿಪಾಠ ಇಲ್ಲಿಂದ ಹಬ್ಬಿತೆಂದರೆ ತಪ್ಪಾಗದು. ಹೀಗೆ ಸೇರಿಕೊಂಡ ಶಾಲೆಗಳು ಎಂತಹವು ಎಂಬುದನ್ನೂ ಗಮನಿಸಬೇಕು. ದೇಶದ ಇನ್ನೊಂದು ತುದಿಯ ಸಿಯಾಟಲ್ ನಗರದಲ್ಲಿ ಲೇಕ್‌ಸೈಡ್ ಎಂಬ ಖಾಸಗಿ ಶಾಲೆಯೊಂದಿದೆ. ೧೯೬೮ರಲ್ಲಿ ಅಲ್ಲಿಯ ತಾಯಂದಿರ ಸಂಘದವರು ಹಳೆಯ ಸಾಮಾನುಗಳನ್ನು ಮಾರಿ ಕೂಡಿಸಿದ ಹಣದಲ್ಲಿ ಟೆಲಿಪ್ರಿಂಟರನ್ನು ತಂದು ದೂರದ ಯಂತ್ರದ ಕಾಲವನ್ನು ಕೊಂಡರು. ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಕಲಿತದ್ದು ಅದರ ಮುಂದೆಯೇ. ಆ ಇಬ್ಬರ ಪ್ರತಿಭೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಮ್ಮ ತಪ್ಪು ಕೂಡಲೇ ತಿಳಿಯುವ ಸೌಕರ್ಯ ಆ ವಯಸ್ಸಿನ ಎಷ್ಟು ಮಂದಿಗೆ ಆಗ ಇದ್ದೀತು?

ತಪ್ಪನ್ನು ಬೇಗ ತಿಳಿಸುವುದು ಒಂದು. ತಪ್ಪಿನ ಬಗೆಗೆ ಮಗುವಿನ ಮನೋಭಾವವನ್ನೇ ಬದಲಿಸುವುದು ಇನ್ನೊಂದು. ಎರಡನೆಯದನ್ನು ಉದ್ದೇಶಪೂರ್ವಕವಾಗಿ ಕೈಗೊಂಡವರು ಲೋಗೋ ಭಾಷೆಯನ್ನು ರೂಪಿಸಿದವರು. ೧೯೬೭ರಲ್ಲಿ ಮೆಸಾಚುಸೆಟ್ಸಿನ ಕೇಂಬ್ರಿಜಿನಲ್ಲಿ ವಾಲಿ ಫೋರ್ಜೈಗ್, ಸೆಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು ಇದನ್ನು ಸಿದ್ಧಪಡಿಸಿದರು. ಪೇಪರ್ಟ್ ಅವರು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಗಣಿತಜ್ಞರು. ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಅವರೊಡನೆ ಕೆಲವು ವರ್ಷ ಕೆಲಸ ಮಾಡಿದವರು. ‘ಲೋಗೋ’ ಎಂಬ ಹೆಸರು ಗ್ರೀಕಿನಲ್ಲಿ ‘ಮಾತು’ ಎಂಬರ್ಥದ ಶಬ್ದದಿಂದ ಬಂದುದು. ಇಂದು ಲೋಗೋ ಎಂದೊಡನೆ ಗೆರೆ ಎಳೆಯುವ ಆಮೆಯೊಂದು ಕಣ್ಣಿಗೆ ಕಟ್ಟುತ್ತದೆ. ಆದರೆ ಆಮೆ ಬಂದುದು ಅನಂತರ. ೧೯೬೮–೬೯ರಲ್ಲಿ ಲೆಕ್ಸಿಂಗ್ಟನ್ ಊರಿನ ಮಜ್ಜಿ ಶಾಲೆಯ ಏಳನೆಯ ತರಗತಿಯ ಮಕ್ಕಳು ವರ್ಷವಿಡೀ ಲೋಗೋ ಕಲಿತಾಗ ಮಾಡಿದುದು ಬಹುಪಾಲು ಮಾತಿನ ಆಟಗಳನ್ನೇ. ಪದಗಳನ್ನು ಹಿಂದುಮುಂದು ಮಾಡುವುದು, ಯಂತ್ರದಿಂದ ವಾಕ್ಯಗಳನ್ನು ಹೆಣೆಸುವುದು ಇತ್ಯಾದಿ.

ಲೋಗೋ ಭಾಷೆಯ ತರುವಾಯದ ರೂಪಗಳಲ್ಲಿ ಮಗು ತಿಳಿಯದ ಆಜ್ಞೆಯನ್ನು ಕೊಟ್ಟರೆ ಯಂತ್ರ ‘ಅದನ್ನು ಮಾಡುವುದು ಹೇಗೆಂದು ನನಗೆ ಗೊತ್ತಿಲ್ಲ’ ಎಂಬರ್ಥದ ಮಾತನ್ನು ಹೇಳುತ್ತದೆ. ಮಗು ತಪ್ಪು ಮಾಡಿತೆಂದು ಹೇಳದೆ ತನಗೇ ತಿಳಿಯದೆಂದು ಯಂತ್ರ ಒಪ್ಪಿಕೊಳ್ಳುವ ಈ ರೀತಿಯಲ್ಲಿ ಸ್ವಾರಸ್ಯವಿದೆ. ತಿಳಿಯದಿದ್ದರೆ ಕಲಿಸಬೇಕಾದವರು ಯಾರು? ಮಗುವೇ. ಪೇಪರ್ಟ್ ಅವರು ೧೯೮೦ರಲ್ಲಿ ಪ್ರಕಟಿಸಿದ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಗ್ರಂಥದಲ್ಲಿ ಈ ವಾದವನ್ನೇ ವಿಸ್ತರಿಸಿದ್ದಾರೆ. ಶಾಲೆಯಲ್ಲಿ ತಪ್ಪೆಂದರೆ ಅಂಕ ಕಳೆಯುವ ಕಾರಣ. ಕ್ರಮವಿಧಿಯಲ್ಲಿ ತಪ್ಪೆಂದರೆ ಹುಡುಕಿ ತೆಗೆಯಬೇಕಾದ ಹುಳು. ಹುಳುವನ್ನು ಕಂಡು ನಾಚುವವರಿಲ್ಲ.

ಇಷ್ಟಾದರೂ ೧೯೭೦ರ ದಶಕದ ಅಂತ್ಯದವರೆಗೆ ಇವೆಲ್ಲ ಪ್ರಯೋಗಗಳೇ. ಇಡೀ ದೇಶದ ಶಾಲೆಗಳನ್ನು ಉದ್ದೇಶಿಸಿ ಕೆಲಸವನ್ನು ಕೈಗೊಂಡವುಗಳಲ್ಲಿ ಬ್ರಿಟನ್ ಮುಂದಿನ ಸಾಲಿನದು. ೧೯೭೮ರಲ್ಲಿ ಬಿ.ಬಿ.ಸಿ. ದೂರದರ್ಶನ ಬಿತ್ತರಿಸಿದ ಒಂದು ಸಾಕ್ಷ್ಯಚಿತ್ರ, ಸೂಕ್ಷ್ಮ ವಿದ್ಯುನ್ಮಾನದಿಂದ ಉದ್ಯೋಗಗಳು ಹೋಗಬಹುದೆಂಬ ಭಯವನ್ನು ಜನರಲ್ಲಿಯೂ ಸರ್ಕಾರದಲ್ಲಿಯೂ ಹುಟ್ಟಿಸಿತು. ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆ ತಯಾರಿಸಿದ ಬಿ.ಬಿ.ಸಿ. ಮೈಕ್ರೋ ಯಂತ್ರ ೧೯೮೧ರ ಡಿಸೆಂಬರಿನಲ್ಲಿ ಹೊರಬಂದಿತು. ಮುಂದಿನ ಜನವರಿಯಲ್ಲಿ ಅದನ್ನು ಆಧರಿಸಿದ ದೂರದರ್ಶನ ಪಾಠಗಳು ಮೊದಲಾದವು. ಶಾಲೆ ಯಂತ್ರವನ್ನು ಕೊಂಡರೆ ಬೆಲೆಯ ಅರ್ಧವನ್ನು ಸರ್ಕಾರ ಭರಿಸುತ್ತಿತ್ತು. ಮೊದಲು ಹನ್ನೆರಡು ಸಾವಿರ ಯಂತ್ರಗಳು ಮಾರಾಟವಾದಾವೆಂದು ಎಣಿಸಿದ್ದರು. ಕಡೆಗೆ ಹದಿನೈದು ಲಕ್ಷಕ್ಕೂ ಮಿಗಿಲಾಗಿ ಮಾರಾಟವಾದವು. ಈ ಯಂತ್ರವನ್ನು ಹಾಕಿದೊಡನೆ ಬೇಸಿಕ್ ಭಾಷೆಯೇ ಎದುರಾಗುತ್ತಿತ್ತು. ಅದಕ್ಕೆ ಅರ್ಥವಾಗದ ಸಾಲನ್ನು ಬರೆದರೆ ತೆರೆಯ ಮೇಲೆ ‘ಮಿಸ್ಟೇಕ್’ ಎಂಬ ಒಂದೇ ಮಾತು ಮೂಡುತ್ತಿತ್ತು. ಪ್ರತಿಸ್ಪರ್ಧಿಯಾದ ಸಿಂಕ್ಲೇರ್ ಸ್ಪೆಕ್ಟ್ರಮ್ ಯಂತ್ರವಂತೂ ‘ನಾನ್ಸೆನ್ಸ್ ಇನ್ ಬೇಸಿಕ್’ ಎಂದು ಗದರಿಸುತ್ತಿತ್ತು. ಇಂಗ್ಲಿಷ್ ಮಕ್ಕಳಿಗೆ ಇದು ನಗೆಯ ವಿಷಯ.

ಇಂಗ್ಲಿಷ್ ಬಾರದ ಮಕ್ಕಳ ಪಾಡೇನು ಎಂಬ ಪ್ರಶ್ನೆಗೆ ಸೋವಿಯೆಟ್ ರಷ್ಯದ ಅನುಭವ ವಿಸ್ತಾರವಾದ ಉತ್ತರವನ್ನು ಕೊಡುತ್ತದೆ. ನಮ್ಮಲ್ಲಿ ಇದರ ಪರಿಚಯ ಕಡಿಮೆ. ಆದಕಾರಣ ಸ್ವಲ್ಪ ನಿಧಾನಿಸಿ ಹೇಳಬೇಕಾಗಿದೆ. ಸೈಬೀರಿಯದ ನೊವೊಸಿಬಿರ್ಸ್ಕಿನಲ್ಲಿ ಅಂದ್ರೇಯ್ ಎರ್ಷೋವ್ ಎಂಬ ವಿದ್ವಾಂಸರಿದ್ದರು. ೧೯೮೧ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್ ನಗರದಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ ಅವರು ಕ್ರಮವಿಧಿ ರಚನೆಯನ್ನು ‘ಎರಡನೆಯ ಸಾಕ್ಷರತೆ’ ಎಂದು ಕರೆದು ಮಾಡಿದ ಭಾಷಣ ಪ್ರಸಿದ್ಧವಾಗಿದೆ. ಅವರ ಬಳಗದ ಗೆನ್ನಾದಿ ಜ್ವೆನಿಗೊರೊದ್‌ಸ್ಕಿ ಅವರು ಮಕ್ಕಳಿಗಾಗಿ ರೋಬಿಕ್ ಎಂಬ ಭಾಷೆಯನ್ನು ಮಾಡಿದ್ದರು. ಅದರ ಆಜ್ಞೆಗಳೆಲ್ಲ ರಷ್ಯನ್ ಪದಗಳು. ೧೯೮೫ರ ಸೆಪ್ಟೆಂಬರ್ ೧ರಿಂದ ದೇಶದ ಎಲ್ಲ ಪ್ರೌಢಶಾಲೆಗಳ ಮೇಲಿನ ಎರಡು ತರಗತಿಗಳಲ್ಲಿ ಗಣಕವಿಜ್ಞಾನದ ಮೂಲತತ್ತ್ವಗಳು ಕಡ್ಡಾಯ ವಿಷಯವಾಯಿತು. ಎರ್ಷೋವ್ ಮತ್ತು ಮೊನಾಖೋವ್ ಇವರ ಸಂಪಾದಕತ್ವದಲ್ಲಿ ಪಠ್ಯಪುಸ್ತಕ ತರಾತುರಿಯಲ್ಲಿ ಸಿದ್ಧವಾಯಿತು. ಗಣಿತ ಮತ್ತು ಭೌತಶಾಸ್ತ್ರದ ಉಪಾಧ್ಯಾಯರಿಗೆ ಬೇಸಗೆಯಲ್ಲಿ ತರಬೇತಿ ಕೊಟ್ಟರು. ಒಂದೇ ಒಂದು ಕೊರತೆ: ಬಹುಪಾಲು ಶಾಲೆಗಳಲ್ಲಿ ಗಣಕಯಂತ್ರವೇ ಇರಲಿಲ್ಲ.

ಯಂತ್ರವಿಲ್ಲದೆ ಯಂತ್ರದ ಪಾಠ ಹೇಗೆ? ಹಾಸ್ಯಾಸ್ಪದವೆಂದು ಅಂದೇ ಅನೇಕರು ನಕ್ಕರು. ಈ ನಗೆ ಸಂಪೂರ್ಣ ನ್ಯಾಯವಾದುದಲ್ಲವೆಂದು ನಮಗೆ ತೋರುತ್ತದೆ. ಎರ್ಷೋವ್ ಅವರು ಪಠ್ಯಪುಸ್ತಕಕ್ಕಾಗಿ ರೂಪಿಸಿದ ‘ಅಲ್ಗಾರಿದಮಿಕ ಭಾಷೆ’ ರಷ್ಯನ್ ಮಾತಿನಲ್ಲಿತ್ತು. ಕ್ರಮದ ಆರಂಭಕ್ಕೆ ರಷ್ಯನ್ನಿನಲ್ಲಿ ‘ಆರಂಭ’ ಎಂಬರ್ಥದ ಪದದ ಮೊದಲ ಮೂರಕ್ಷರ ‘ನಚ್’, ಮುಕ್ತಾಯಕ್ಕೆ ‘ಕೊನ್’. ವಿದ್ಯಾರ್ಥಿ ಇದನ್ನು ನೋಟುಪುಸ್ತಕದಲ್ಲಿ ಬರೆದು, ಪ್ರತಿಯೊಂದು ಹೆಜ್ಜೆಯಲ್ಲಿಯೂ ಯಾವ ಅಂಕೆಯ ಬೆಲೆ ಎಷ್ಟಾಯಿತೆಂಬುದನ್ನು ಕೋಷ್ಟಕದಲ್ಲಿ ತುಂಬಬೇಕು. ಆಜ್ಞೆಯನ್ನು ಪಾಲಿಸುವವನಿಗೆ ‘ನಿರ್ವಾಹಕ’ ಎಂಬರ್ಥದ ಹೆಸರಿಟ್ಟಿದ್ದರು. ನಿರ್ವಾಹಕನು ಯಂತ್ರವೇ ಆಗಬೇಕೆಂದಿಲ್ಲ. ಪಕ್ಕದ ಬೆಂಚಿನ ಹುಡುಗಿಯೂ ಆಗಬಹುದು. ಅವಳು ಆಜ್ಞೆಯನ್ನು ಅಕ್ಷರಶಃ ಪಾಲಿಸುತ್ತ ಹೋಗಿ ಎಲ್ಲಿ ತೊಡಕುತ್ತಾಳೋ ಅಲ್ಲಿ ತಪ್ಪಿದೆಯೆಂದು ಅರ್ಥ. ತಪ್ಪನ್ನು ಹೇಳುವವರು ಮನುಷ್ಯರಾದರು. ಹೇಳುವ ಭಾಷೆ ಮಕ್ಕಳದೇ ಆಯಿತು. ಆದರೆ ಮನುಷ್ಯನಿಗೆ ಯಂತ್ರದ ನಿಷ್ಠುರತೆ ಬರುವುದಿಲ್ಲ. ಬರೆದವನ ಇಂಗಿತವನ್ನು ಊಹಿಸಿ ಸರಿಪಡಿಸಿಕೊಂಡುಬಿಡುತ್ತಾನೆ. ಉಪಾಧ್ಯಾಯರಿಗೇ ಸಂದೇಹವಿದ್ದಲ್ಲಿ ತೀರ್ಪು ಕೊಡುವ ಮೂರನೆಯವರಿರಲಿಲ್ಲ. ಈ ಕಾರಣದಿಂದಲೇ ಮಾಸ್ಕೋ ವಿಶ್ವವಿದ್ಯಾನಿಲಯದ ಅನತೋಲಿ ಕುಷ್ನಿರೆಂಕೊ ಮೊದಲಾದವರು ಅದೇ ರಷ್ಯನ್ ಅಲ್ಗಾರಿದಮಿಕ ಭಾಷೆಯನ್ನು ಯಂತ್ರದ ಮೇಲೆಯೇ ನಡೆಸುವ ವ್ಯವಸ್ಥೆಯನ್ನು ಮುಂದೆ ಸಿದ್ಧಪಡಿಸಿದರು. ಕುಮೀರ್ ಎಂಬ ಹೆಸರಿನಲ್ಲಿ ಅದರ ಮುಂದಿನ ರೂಪ ರಷ್ಯದ ಶಾಲೆಗಳಲ್ಲಿ ಬಳಕೆಗೆ ಬಂದಿತು.

ಇದೇ ಕಾಲದ ಒಂದು ಸಣ್ಣ ಸಂಗತಿಯನ್ನು ಹೇಳದಿರಲಾರೆವು. ಗಣಕಯಂತ್ರ ಸಿಗದ ರಷ್ಯದ ಹುಡುಗರು ಕ್ರಮವಿಧಿಯನ್ನು ತುಂಬಬಹುದಾದ ಜೇಬಿನ ಲೆಕ್ಕಯಂತ್ರಗಳನ್ನು ಬಳಸುತ್ತಿದ್ದರು. ತಪ್ಪಾದಾಗ ‘ಎರರ್’ ಎಂಬ ಇಂಗ್ಲಿಷ್ ಪದವನ್ನು ತೋರಿಸಬೇಕಾಗಿದ್ದ ಅದರ ತೆರೆಗೆ ‘ಆರ್’ ಅಕ್ಷರವನ್ನು ಬರೆಯುವ ಶಕ್ತಿಯಿರಲಿಲ್ಲ. ಮೂಡುತ್ತಿದ್ದ ವಿಚಿತ್ರ ಆಕಾರವನ್ನು ಮಕ್ಕಳು ರಷ್ಯನ್ ಅಕ್ಷರಗಳೆಂದು ಓದಿ ‘ಎಗ್ಗೋಗ್’ ಎಂದು ಉಚ್ಚರಿಸಿದರು. ಎಗ್ಗೋಗ್ ಬಂದಾಗ ಯಂತ್ರ ಹೇಗೆಲ್ಲ ವರ್ತಿಸುತ್ತದೆಂದು ಶೋಧಿಸುವುದು ಹವ್ಯಾಸಿಗಳಲ್ಲಿ ಒಂದು ‘ಶಾಸ್ತ್ರ’ವೇ ಆಯಿತು. ಜನಪ್ರಿಯ ವಿಜ್ಞಾನ ಪತ್ರಿಕೆಗಳು ಅದಕ್ಕೆ ಪುಟಗಳನ್ನು ಮೀಸಲಿಟ್ಟವು. ಅರ್ಥವಾಗದ ಪರಭಾಷೆಯ ಮಾತನ್ನು ತಮ್ಮದಾಗಿಸಿಕೊಂಡು ಆಡಿದ ಮಕ್ಕಳು ಇವರು.

ಭಾರತದ ಯೋಜನೆ ಸರಿಸುಮಾರು ಅದೇ ಕಾಲದ್ದು. ಆದರೆ ಆರಿಸಿಕೊಂಡ ಮಾರ್ಗ ಬ್ರಿಟನ್ನಿನದು. ೧೯೮೪–೮೫ರಲ್ಲಿ ಕೇಂದ್ರದ ಶಿಕ್ಷಣ ಮತ್ತು ಎಲೆಕ್ಟ್ರಾನಿಕ್ಸ್ ಇಲಾಖೆಗಳು ಕೂಡಿ ‘ಕ್ಲಾಸ್’ ಎಂಬ ಸಂಕ್ಷಿಪ್ತ ನಾಮದ ಗಣಕ ಸಾಕ್ಷರತಾ ಯೋಜನೆಯನ್ನು ಮೊದಲ ಹಂತದಲ್ಲಿ ೨೫೦ ಶಾಲೆಗಳಲ್ಲಿ ಆರಂಭಿಸಿದವು. ಹಂಚಿದ ಯಂತ್ರ ಬಿ.ಬಿ.ಸಿ. ಮೈಕ್ರೋ, ಚಂಡೀಗಢದ ಬಳಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನು ನಮ್ಮ ದೇಶದಲ್ಲಿಯೂ ತಯಾರಿಸಿತು. ಕಾಲೇಜು ವಿಶ್ವವಿದ್ಯಾನಿಲಯಗಳಲ್ಲಿ ಸಂಪನ್ಮೂಲ ಕೇಂದ್ರಗಳನ್ನು ಸ್ಥಾಪಿಸಿ ಉಪಾಧ್ಯಾಯರಿಗೆ ತರಬೇತಿ ಕೊಡಲಾಯಿತು. ಗಣಕಯಂತ್ರದ ಬಗೆಗೆ ಮಕ್ಕಳಲ್ಲಿರುವ ಭಯವಿಸ್ಮಯಗಳನ್ನು ಕಳೆಯುವುದು ಯೋಜನೆಯ ಘೋಷಿತ ಗುರಿಗಳಲ್ಲೊಂದು. ಗುರಿ ಒಳ್ಳೆಯದೇ. ಆದರೆ ಬ್ರಿಟನ್ನಿನ ಯಂತ್ರದೊಡನೆ ಅದರ ‘ಮಿಸ್ಟೇಕ್’ ಎಂಬ ಮಾತೂ ಬಂದಿತು. ಅದನ್ನು ಬಿಡಿಸಿ ಹೇಳಲು ಅಲ್ಲಿ ಇದ್ದ ದೂರದರ್ಶನ ಪಾಠಗಳೂ, ಮನೆಯಲ್ಲಿ ಇನ್ನೊಂದು ಯಂತ್ರವೂ, ಅಂಗಡಿಗಳಲ್ಲಿ ಸಿಗುತ್ತಿದ್ದ ಪತ್ರಿಕೆಗಳೂ ಬರಲಿಲ್ಲ. ಶಾಲೆಯೊಂದಕ್ಕೆ ದೊರೆತುದು ಕೆಲವೇ ಯಂತ್ರಗಳು. ಪಕ್ಕದಲ್ಲಿ ಕಾಯುತ್ತಿರುವ ಸಹಪಾಠಿಗಳ ನಡುವೆ ತಪ್ಪನ್ನು ನಿಧಾನವಾಗಿ ಹುಡುಕುವ ಅವಕಾಶವೆಲ್ಲಿ? ರಷ್ಯದಲ್ಲಿ ಪಾಠವಿತ್ತು, ಯಂತ್ರವಿರಲಿಲ್ಲ. ನಮ್ಮಲ್ಲಿ ಯಂತ್ರ ಬಂದಿತು, ಪಾಠ ವೇಳಾಪಟ್ಟಿಯ ಅಂಚಿನಲ್ಲಿ ಉಳಿಯಿತು. ಎರಡರಲ್ಲಿ ಯಾವುದು ಹೆಚ್ಚು ಫಲ ಕೊಟ್ಟಿತೆಂದು ತೂಗಿ ಹೇಳುವುದು ಸುಲಭವಲ್ಲ. ಆದರೆ ಯಂತ್ರವನ್ನು ಹಂಚಿದ ಮಾತ್ರಕ್ಕೆ ಬೋಧನೆ ನಡೆಯಿತೆಂದು ಎಣಿಸುವ ರೂಢಿ ನಮ್ಮಲ್ಲಿ ಆಗ ಬೇರೂರಿತೆಂಬುದು ನಮ್ಮ ಅಭಿಪ್ರಾಯ.

೧೯೯೦ರ ದಶಕದಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ನಡೆದವು. ಒಂದು, ಶಾಲೆಗಳಲ್ಲಿ ಕ್ರಮವಿಧಿಯ ಬೋಧನೆ ಹಿಂದೆ ಸರಿದು ಪತ್ರ ಬರೆಯುವ, ಕೋಷ್ಟಕ ತುಂಬುವ ಸಿದ್ಧ ತಂತ್ರಾಂಶಗಳ ಅಭ್ಯಾಸ ಮುಂದೆ ಬಂದಿತು. ಕ್ರಮವಿಧಿಗೆ ತೊಟ್ಟಿಲಾಗಿದ್ದ ಬ್ರಿಟನ್ನಿನಲ್ಲಿಯೇ ಹೀಗಾಯಿತು. ಮತ್ತೊಂದು, ಜಾಲಪುಟಗಳ ಉದಯ. ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ೧೯೮೯ರಲ್ಲಿ ಸೂಚಿಸಿ ೧೯೯೧ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ವಿಶ್ವವ್ಯಾಪಿ ಜಾಲದ ಪುಟಗಳನ್ನು ಎಚ್‌ಟಿಎಂಎಲ್ ಎಂಬ ಗುರುತುಗಳ ಭಾಷೆಯಲ್ಲಿ ಬರೆಯುತ್ತಾರೆ. ಮೊದಲಿಗೆ ಅದರಲ್ಲಿದ್ದ ಗುರುತುಗಳು ಇಪ್ಪತ್ತಕ್ಕಿಂತ ಕಡಿಮೆ. ಇದನ್ನು ಕಲಿಯಲು ಸಾದಾ ಬರವಣಿಗೆಯ ತಂತ್ರಾಂಶ ಸಾಕು. ಮೇಲಾಗಿ ಯಾರ ಪುಟವನ್ನಾದರೂ ತೆರೆದು ಅದರ ಮೂಲ ಬರಹವನ್ನು ನೋಡುವ ಅನುಕೂಲವನ್ನು ಬ್ರೌಸರುಗಳು ಒದಗಿಸಿದ್ದವು. ಶಾಲೆ ಕೈಬಿಟ್ಟುದನ್ನು ಮಕ್ಕಳು ಒಬ್ಬರನ್ನೊಬ್ಬರು ನೋಡಿ ಕಲಿತರು. ೧೯೯೪ರಲ್ಲಿ ಹುಟ್ಟಿದ ಜಿಯೋಸಿಟೀಸ್ ಮುಂತಾದ ತಾಣಗಳಲ್ಲಿ ಲಕ್ಷಾಂತರ ಮಂದಿ ಸ್ವಂತ ಪುಟಗಳನ್ನು ಕಟ್ಟಿದರು.

ನಮ್ಮ ಪ್ರಶ್ನೆಯ ದೃಷ್ಟಿಯಿಂದ ಜಾಲಪುಟದ ವಿಶೇಷ ಇನ್ನೊಂದಿದೆ. ಬ್ರೌಸರು ತಪ್ಪನ್ನು ಹೇಳುವುದೇ ಇಲ್ಲ. ಮುಚ್ಚಬೇಕಾದ ಗುರುತನ್ನು ಮುಚ್ಚದೆ ಬಿಟ್ಟರೂ ತನ್ನ ಊಹೆಯಿಂದ ಸರಿಮಾಡಿಕೊಂಡು ಏನನ್ನಾದರೂ ತೋರಿಸುತ್ತದೆ. ರಷ್ಯದ ಪಕ್ಕದ ಬೆಂಚಿನ ಗೆಳತಿಯಂತೆ ದಾಕ್ಷಿಣ್ಯವುಳ್ಳ ಯಂತ್ರವಿದು. ಮೊದಲ ದಿನವೇ ತನ್ನ ಹೆಸರು ದಪ್ಪಕ್ಷರದಲ್ಲಿ ತೆರೆಯ ಮೇಲೆ ಮೂಡುವುದನ್ನು ಕಂಡು ವಿದ್ಯಾರ್ಥಿ ಹಿಗ್ಗುತ್ತಾನೆ. ಬೇಸಿಕ್ ಕಲಿಯಹೊರಟು ‘ಮಿಸ್ಟೇಕ್’ ಎಂಬುದನ್ನು ಕಂಡು ಕುಗ್ಗುವವನು ಇಲ್ಲಿ ಕುಗ್ಗುವುದಿಲ್ಲ. ಪ್ರವೇಶಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಆದರೆ ತಪ್ಪು ಕಾಣದಿದ್ದರೆ ತಿದ್ದುವ ಅಭ್ಯಾಸವೂ ಬೆಳೆಯದು. ಜಾಲಪುಟದ ವಿನ್ಯಾಸವನ್ನು ಕಲಿಸಿದರೆ ಕ್ರಮವಿಧಿಯನ್ನು ಕಲಿಸಿದಂತೆಯೇ ಆಯಿತೆಂದು ಹೇಳುವವರೊಡನೆ ನಾವು ಒಪ್ಪಲಾರೆವು. ಅದನ್ನು ಕೇವಲ ಅಲಂಕಾರವೆಂದು ತಳ್ಳಿಹಾಕುವವರೊಡನೆಯೂ ಒಪ್ಪಲಾರೆವು.

ಬ್ರಿಟನ್ನಿನಲ್ಲಿ ೨೦೧೨ರ ಜನವರಿಯಲ್ಲಿ ರಾಯಲ್ ಸೊಸೈಟಿಯ ಕಠೋರ ವರದಿ ಹೊರಬಿದ್ದ ಮೇಲೆ ಕ್ರಮವಿಧಿ ಶಾಲೆಗೆ ಮರಳಿತು. ೨೦೧೪ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನ ಮಕ್ಕಳಿಗೆ ಐದನೆಯ ವಯಸ್ಸಿನಿಂದಲೇ ಅದರ ಪಾಠ. ಅದೇ ಸೊ‌ಸೈಟಿ ೨೦೧೭ರಲ್ಲಿ ಮತ್ತೊಂದು ವರದಿಯನ್ನು ಬರೆದು ಅರ್ಹ ಉಪಾಧ್ಯಾಯರ ಕೊರತೆಯನ್ನು ಎತ್ತಿ ಹೇಳಬೇಕಾಯಿತು. ಅಷ್ಟರಲ್ಲಿ ಮೆಸಾಚುಸೆಟ್ಸಿನಲ್ಲಿ ಲೋಗೋ ಪರಂಪರೆಯವರೇ ೨೦೦೭ರಲ್ಲಿ ಸ್ಕ್ರ್ಯಾಚ್ ಎಂಬುದನ್ನು ಹೊರತಂದಿದ್ದರು. ಇದರಲ್ಲಿ ಆಜ್ಞೆಗಳು ಒಂದಕ್ಕೊಂದು ಕೂಡಿಕೊಳ್ಳುವ ಬಣ್ಣದ ತುಂಡುಗಳು. ಕೂಡಬಾರದುದು ಕೂಡುವುದೇ ಇಲ್ಲವಾದ್ದರಿಂದ ವ್ಯಾಕರಣದ ತಪ್ಪು ಅಸಾಧ್ಯ. ತುಂಡುಗಳ ಮೇಲಿನ ಮಾತನ್ನು ಬೇರೆ ಭಾಷೆಗೆ ಬದಲಿಸಬಹುದು. ಒಂದು ಭಾಷೆಯಲ್ಲಿ ಕಟ್ಟಿದುದನ್ನು ಮತ್ತೊಂದರಲ್ಲಿ ತೆರೆದು ನೋಡಬಹುದು.

ಈಗ ಕನ್ನಡದ ಮಾತಿಗೆ ಬರೋಣ. ಪವನಜ ಅವರ ಹೆಸರನ್ನು ಇಲ್ಲಿ ಮೊದಲು ಹೇಳಬೇಕು. ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು ೧೯೯೬ರಲ್ಲಿ ‘ವಿಶ್ವ ಕನ್ನಡ’ ಎಂಬ ಜಾಲಪತ್ರಿಕೆಯನ್ನು ಆರಂಭಿಸಿದರು. ಅನಂತರ ಲೋಗೋ ಭಾಷೆಯ ಕನ್ನಡ ಆವೃತ್ತಿಯನ್ನು ಸಿದ್ಧಪಡಿಸಿದರು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸ ಬಂದುದು ೨೦೦೧ರಲ್ಲಿ. ತತ್ಪೂರ್ವದಲ್ಲಿ ಕನ್ನಡದ ವಿದ್ಯಾರ್ಥಿ ಜಾಲಪುಟವನ್ನು ಕಟ್ಟಿದರೂ ಓದುವವರ ಯಂತ್ರದಲ್ಲಿ ಅದೇ ಫಾಂಟು ಇಲ್ಲದಿದ್ದರೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ರಾಶಿ.

ಕ್ರಮವಿಧಿಯ ಭಾಷೆಯಲ್ಲಿರುವ ಇಂಗ್ಲಿಷ್ ಪದಗಳು ಮೂವತ್ತೋ ನಲವತ್ತೋ. ಅಷ್ಟನ್ನು ಕಲಿಯುವುದು ಯಾವ ಮಹಾ ಕಷ್ಟ ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಆಜ್ಞೆಯ ಪದಗಳನ್ನು ಮಾತ್ರ ಕನ್ನಡಿಸಿದರೆ ಎಲ್ಲವೂ ಸರಿಹೋಗುವುದೆಂದು ನಾವೂ ಭಾವಿಸುವುದಿಲ್ಲ. ‘ಇಫ್’ ಎಂಬುದು ಇಂಗ್ಲಿಷಿನಲ್ಲಿ ವಾಕ್ಯದ ತಲೆಯಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಷರತ್ತು ಮುಗಿದ ಮೇಲೆ ‘ಆದರೆ’ ಎಂಬ ಪ್ರತ್ಯಯವಾಗಿ ಬಾಲಕ್ಕೆ ಅಂಟಿಕೊಳ್ಳುತ್ತದೆ. ‘ಮುಂದೆ ನೂರು’ ಎಂಬ ಆಜ್ಞೆಯ ಪದಗಳು ಕನ್ನಡವಾದರೂ ಜೋಡಣೆ ಕನ್ನಡವಲ್ಲ. ನಾವು ‘ನೂರು ಹೆಜ್ಜೆ ಮುಂದೆ ಹೋಗು’ ಎನ್ನುತ್ತೇವೆ. ನಿಜವಾದ ತೊಡಕಿರುವುದು ಆಜ್ಞೆಯ ಪದಗಳಲ್ಲಲ್ಲ, ತಪ್ಪನ್ನು ಕುರಿತ ಮಾತಿನಲ್ಲಿ. ಆಜ್ಞೆಯನ್ನು ವಿದ್ಯಾರ್ಥಿ ತಾನೇ ಬರೆಯುತ್ತಾನೆ, ಬಾಯಿಪಾಠ ಮಾಡಬಲ್ಲ. ತಪ್ಪಿನ ಸೂಚನೆ ಅವನು ನಿರೀಕ್ಷಿಸದ ಹೊತ್ತಿನಲ್ಲಿ, ಕಲಿಯದ ವಾಕ್ಯದಲ್ಲಿ ಬರುತ್ತದೆ. ಇಂದು ಶಾಲೆಗಳಲ್ಲಿ ಹೆಚ್ಚಾಗಿ ಕಲಿಸುವ ಪೈಥಾನ್ ಭಾಷೆಯ ಸೂಚನೆಗಳು ೨೦೨೧ರ ಆವೃತ್ತಿಯಿಂದೀಚೆಗೆ ಬಹಳ ಸುಧಾರಿಸಿವೆ. ಮುಚ್ಚದೆ ಬಿಟ್ಟ ಆವರಣವನ್ನು ಬೊಟ್ಟು ಮಾಡಿ ತೋರಿಸುತ್ತವೆ. ಆದರೆ ತೋರಿಸುವುದು ಇಂಗ್ಲಿಷ್ ವಾಕ್ಯದಲ್ಲಿಯೇ. ಆ ಹೊತ್ತಿಗೆ ಮಗುವಿನ ಪಕ್ಕದಲ್ಲಿ ನಿಂತು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಉಪಾಧ್ಯಾಯರು ಬೇಕು.

ನೆರೆಯ ಕೇರಳ ಇದನ್ನು ಬೇಗ ಅರಿತಿತು. ೨೦೦೧ರಲ್ಲಿ ಆರಂಭವಾದ ಐ.ಟಿ.@ಸ್ಕೂಲ್ ಯೋಜನೆಯಲ್ಲಿ ಹೊರಗಿನ ಬೋಧಕರನ್ನು ನೆಚ್ಚದೆ, ಶಾಲೆಗಳಲ್ಲಿ ಆಗಲೇ ಇದ್ದ ಇತರ ವಿಷಯಗಳ ಉಪಾಧ್ಯಾಯರಿಗೇ ತರಬೇತಿ ಕೊಟ್ಟು, ಮುಕ್ತ ತಂತ್ರಾಂಶವನ್ನೂ ಮಲಯಾಳದ ಪಠ್ಯಪುಸ್ತಕಗಳನ್ನೂ ಒದಗಿಸಿದರು. ಅಲ್ಲಿಯ ಹತ್ತನೆಯ ತರಗತಿಯ ಪುಸ್ತಕದಲ್ಲಿ ಪೈಥಾನ್ ಪಾಠವೂ ಜಾಲಪುಟ ವಿನ್ಯಾಸದ ಪಾಠವೂ ಸ್ಥಾನ ಪಡೆದವು. ಅದೇ ಕಾಲದಲ್ಲಿ ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಾಹಿತಿ ಸಿಂಧು ಯೋಜನೆ ನಡೆದುದು ಖಾಸಗಿ ಸಂಸ್ಥೆಗಳು ನೇಮಿಸಿದ ಬೋಧಕರ ಮೂಲಕ. ಗುತ್ತಿಗೆಯ ಅವಧಿ ಮುಗಿದಾಗ ಅವರೊಡನೆ ವಿದ್ಯೆಯೂ ಶಾಲೆಯನ್ನು ಬಿಟ್ಟುಹೋಗುವ ಅಪಾಯ ಇಂತಹ ವ್ಯವಸ್ಥೆಯಲ್ಲಿ ಅಡಗಿಯೇ ಇರುತ್ತದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದಲೇ ಕ್ರಮವಿಧಿ ರಚನೆಯ ಚಟುವಟಿಕೆಗಳಿರಬೇಕೆಂದು ಹೇಳಿದೆ. ಅದನ್ನು ನಡೆಸುವವರು ಯಾರೆಂಬ ಹಳೆಯ ಪ್ರಶ್ನೆ ಮಾತ್ರ ಹಾಗೆಯೇ ಇದೆ.

ನಮ್ಮ ಪದವಿಪೂರ್ವ ಗಣಕವಿಜ್ಞಾನದ ಪಠ್ಯದಲ್ಲಿ ಬಹುಕಾಲ ಸಿ++ ಭಾಷೆಯೂ ಜಾಲಪುಟ ವಿನ್ಯಾಸದ ಒಂದು ಅಧ್ಯಾಯವೂ ಇದ್ದವು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಬಂದ ವಿದ್ಯಾರ್ಥಿ ಕ್ರಮವಿಧಿಯನ್ನೂ ವಿಜ್ಞಾನದ ಇಂಗ್ಲಿಷನ್ನೂ ಒಂದೇ ವರ್ಷ ಎದುರಿಸುತ್ತಾನೆ. ಪ್ರಯೋಗಶಾಲೆಯಲ್ಲಿ ಯಂತ್ರ ಅವನ ತಪ್ಪನ್ನು ಕೂಡಲೇ ಹೇಳುತ್ತದೆ. ವಾರ್ಷಿಕ ಲಿಖಿತ ಪರೀಕ್ಷೆಯಲ್ಲಿ ಅವನು ಕಾಗದದ ಮೇಲೆ ಕೈಯಿಂದ ಬರೆದ ಕ್ರಮವಿಧಿಯ ತಪ್ಪು, ಉತ್ತರಪತ್ರಿಕೆಯ ನಕಲಿಗೆ ಅರ್ಜಿ ಹಾಕಿದ ಹೊರತು, ಅವನಿಗೆ ತಿಳಿಯುವುದೇ ಇಲ್ಲ. ಹಾಗೆಂದು ಮುಂದಿನ ಚರಿತ್ರಕಾರನಿಗೆ ಪ್ರಯೋಗಶಾಲೆಯಿಂದ ಹೆಚ್ಚಿನ ಸಾಮಗ್ರಿ ದೊರೆತೀತೆಂದೂ ಹೇಳಲಾಗದು. ಅಲ್ಲಿ ಉಳಿಯುವ ಏಕೈಕ ದಾಖಲೆಯೆಂದರೆ ವಿದ್ಯಾರ್ಥಿಗಳು ಒಪ್ಪಿಸುವ ರೆಕಾರ್ಡು ಪುಸ್ತಕ. ಅದರಲ್ಲಿ ಕ್ರಮವಿಧಿಯ ಶುದ್ಧಪ್ರತಿ ಇರುತ್ತದೆ, ಅಪೇಕ್ಷಿತ ಉತ್ತರವಿರುತ್ತದೆ, ಅಧ್ಯಾಪಕರ ರುಜುವಿರುತ್ತದೆ. ನಡುವೆ ಬಿದ್ದ ತಪ್ಪುಗಳಲ್ಲಿ ಒಂದೂ ಇರುವುದಿಲ್ಲ.